ಸುಳ್ಳು, ಸತ್ಯ, ಅತ್ತೆ, ಸೊಸೆ: ನೀತಿಚಿಂತನೆಯ ಚರಿತ್ರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ನಾವು ಏಳೆಂಟು ಜನ ಒಂದು ಮರದ ಕೆಳಗೆ ಕೂತು ಹರಟುತ್ತೇವೆ. ಮೊದಮೊದಲು ರಾಜಕೀಯ, ಸೈಟಿನ ರೇಟು, ಮಂಡಿನೋವು ಇಷ್ಟೇ ಇತ್ತು. ಆಮೇಲೆ ಹೇಗೋ ಮಾತು ಸರಿ ತಪ್ಪುಗಳ ಕಡೆ ಹೊರಳಿತು, ಅಲ್ಲೇ ನಿಂತುಬಿಟ್ಟಿತು. ನಾನು ತತ್ವಶಾಸ್ತ್ರದ ಮೇಷ್ಟ್ರಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಕೊಂಡಿದ್ದು ರಿಟೈರ್ ಆದವನು, ಸುಮ್ನೆ ಓದುವ ಚಟ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ನೀತಿ, ಧರ್ಮ, ನ್ಯಾಯ, ಎಲ್ಲಾ ಒಂದೇ ಅಲ್ವಾ?

ಒಂದೇ ಅಲ್ಲ. ಹಾಗಂತ ಗೆರೆ ಎಳೆದು ಬೇರೆ ಮಾಡಲೂ ಆಗುವುದಿಲ್ಲ. ಧರ್ಮ ಅನ್ನುವ ಪದವನ್ನೇ ನೋಡಿ. 'ಅದು ನಿನ್ನ ಧರ್ಮ' ಅಂದರೆ ಕರ್ತವ್ಯ. 'ಧರ್ಮಕ್ಕೆ ಕೊಟ್ಟ' ಅಂದರೆ ಬಿಟ್ಟಿ. 'ಧರ್ಮದೇಟು' ಅಂದರೆ ಬೀದಿಯಲ್ಲಿ ಎಲ್ಲರೂ ಸೇರಿ ಕೊಡುವ ಒದೆ. ಒಂದೇ ಪದ ಇಷ್ಟು ಕಡೆ ದುಡಿಯುತ್ತಿರುವಾಗ ಡಿಕ್ಷನರಿ ಹಿಡಿದು ಜಗಳ ಆಡಿ ಪ್ರಯೋಜನ ಇಲ್ಲ.

'ಎಥಿಕ್ಸ್ ಬೇರೆ, ಮಾರಲ್ಸ್ ಬೇರೆ' ಅಂತ ವಾದ ಮಾಡುವವರು ನಮ್ಮಲ್ಲೂ ಒಬ್ಬರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನಡತೆಗೆ ಸಂಬಂಧಿಸಿದ್ದು ಅನ್ನುವ ಗ್ರೀಕ್ ಪದವನ್ನು ಲ್ಯಾಟಿನ್‌ಗೆ ತರಲು ರೋಮಿನ ಸಿಸೆರೊ 'ಮೊರಾಲಿಸ್' ಅಂತ ಹೊಸ ಪದ ಮಾಡಿಕೊಂಡ. ಹುಟ್ಟಿನಲ್ಲಿ ಎರಡೂ ಒಂದೇ ಸಾಮಾನು.

ನೀತಿ ಮತ್ತು ನ್ಯಾಯದ ನಡುವೆ ಮಾತ್ರ ಒಂದು ಉಪಯೋಗಕ್ಕೆ ಬರುವ ವ್ಯತ್ಯಾಸ ಇದೆ. ಅಮರ್ತ್ಯ ಸೇನ್ 2009ರ ತಮ್ಮ ಪುಸ್ತಕದಲ್ಲಿ ಈ ಎರಡು ಸಂಸ್ಕೃತ ಪದಗಳನ್ನೇ ಎತ್ತಿಕೊಂಡರು. ನಿಯಮ, ಸಂಸ್ಥೆ ಸರಿಯಾಗಿರುವುದು ನೀತಿ. ಜನರ ಬದುಕಿನಲ್ಲಿ ನಿಜಕ್ಕೂ ಏನಾಯಿತು ಅನ್ನುವುದು ನ್ಯಾಯ. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಫುಟ್‌ಪಾತ್ ನಡೆಯುವವರಿಗೆ ಅಂತ ಕಾಗದದಲ್ಲಿರುವುದು ನೀತಿ. ಎದುರಿಗೆ ಸ್ಕೂಟರ್ ಬರದೆ ಒಬ್ಬ ಅಜ್ಜಿ ಅದರ ಮೇಲೆ ಮನೆ ತಲುಪಿದರೆ ನ್ಯಾಯ.

ಇದೆಲ್ಲ ಸಾಕ್ರಟಿಸ್‌ನಿಂದ ಶುರುವಾಯಿತಾ?

ಪಠ್ಯಪುಸ್ತಕ ಹಾಗೆ ಹೇಳುತ್ತದೆ. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನವರು ಅವನಿಗೆ ವಿಷ ಕುಡಿಸಿದರು. ತಾನಾಗಿ ಒಂದು ಸಾಲೂ ಬರೆಯದ ಮನುಷ್ಯ. ನಮಗೆ ಸಿಕ್ಕಿರುವುದು ಪ್ಲೇಟೊ ಮುಂತಾದವರು ಬರೆದಿಟ್ಟ ಸಾಕ್ರಟಿಸ್. ದೊಡ್ಡವನೇ, ಆದರೆ ಒಬ್ಬನೇ ಅಲ್ಲ. ಹೆಚ್ಚೂಕಮ್ಮಿ ಅದೇ ಕಾಲದಲ್ಲಿ, ಒಂದೆರಡು ಶತಮಾನ ಆಚೀಚೆ, ಬುದ್ಧ, ಮಹಾವೀರ, ಚೀನಾದ ಕನ್ಫ್ಯೂಷಿಯಸ್ ಎಲ್ಲರೂ 'ಹೇಗೆ ಬಾಳಬೇಕು' ಅಂತ ಕೇಳುತ್ತಿದ್ದರು. ಯಾರು ಮೊದಲು ಅನ್ನುವುದು ಕ್ವಿಜ್ ಪ್ರಶ್ನೆ.

ಕಲ್ಲಿನ ಸಾಕ್ಷಿಯೇ ಬೇಕು ಅಂದರೆ ಬೆಂಗಳೂರಿನಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲಿರುವ ಉಪದೇಶ ತಾಯಿ ತಂದೆಯ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳು, ಗುರುವಿಗೆ ಮರ್ಯಾದೆ ಕೊಡು, ಇಷ್ಟೇ. ನಮ್ಮಜ್ಜಿ ಹೇಳುತ್ತಿದ್ದುದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ ಅಂತ ನಮ್ಮ ಗುಂಪಿನವರೊಬ್ಬರು ಮುಖ ಸಣ್ಣ ಮಾಡಿಕೊಂಡರು. ಆದರೆ ಸಾಮ್ರಾಜ್ಯ ಕಟ್ಟಿದವನು ತನ್ನ ಗೆಲುವಿನ ಬದಲು ಅಜ್ಜಿಯ ಮಾತನ್ನು ಬಂಡೆಗೆ ಕೆತ್ತಿಸಿದ ಅನ್ನುವುದೇ ಅಲ್ಲಿಯ ಸುದ್ದಿ.

ದೇವರು ಹೇಳಿದ್ದೇ ಸರಿ, ಬೇಡ ಅಂದದ್ದೇ ತಪ್ಪು. ಇಷ್ಟಕ್ಕೆ ಇಷ್ಟೊಂದು ಚರ್ಚೆ ಯಾಕೆ?

ಈ ಪ್ರಶ್ನೆಗೆ ಪ್ಲೇಟೊನ ಒಂದು ಸಂಭಾಷಣೆಯಲ್ಲಿ ಮರುಪ್ರಶ್ನೆ ಇದೆ. ಯೂಥಿಫ್ರೊ ಅನ್ನುವವನು ತನ್ನ ಅಪ್ಪನ ಮೇಲೇ ಕೊಲೆ ಕೇಸು ಹಾಕಲು ಕೋರ್ಟಿಗೆ ಬಂದಿರುತ್ತಾನೆ. ಅದೇ ಧರ್ಮ ಅಂತ ಅವನಿಗೆ ಗಟ್ಟಿ ನಂಬಿಕೆ. ಸಾಕ್ರಟಿಸ್ ಕೇಳುತ್ತಾನೆ: ಒಳ್ಳೆಯದು ಅಂತ ದೇವರುಗಳಿಗೆ ಅದು ಇಷ್ಟವೋ, ದೇವರುಗಳಿಗೆ ಇಷ್ಟ ಅಂತ ಅದು ಒಳ್ಳೆಯದೋ? ಮೊದಲನೆಯದಾದರೆ ಒಳ್ಳೆಯದಕ್ಕೆ ಬೇರೆ ಅಳತೆ ಇದೆ. ಎರಡನೆಯದಾದರೆ ನಾಳೆ ಅವರಿಗೆ ಇಷ್ಟವಾದರೆ ಕಳ್ಳತನವೂ ಒಳ್ಳೆಯದೇ. ಸಂಭಾಷಣೆ ಮುಗಿಯುವಷ್ಟರಲ್ಲಿ ಯೂಥಿಫ್ರೊಗೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ. ಇಂಥ ಅರ್ಜೆಂಟ್ ನಾವೂ ನೋಡಿದ್ದೇವೆ, ಅಲ್ವಾ?

ಇನ್ನು ನಮ್ಮ ನೆಲದಲ್ಲಿ ಬೌದ್ಧರು, ಜೈನರು ಜಗತ್ತನ್ನು ಮಾಡಿದ ದೇವರು ಅನ್ನುವ ಕಲ್ಪನೆಯನ್ನೇ ಇಟ್ಟುಕೊಳ್ಳದೆ ಕಟ್ಟುನಿಟ್ಟಾದ ನಡತೆಯ ದಾರಿ ಕಟ್ಟಿದರು. ದೇವರಿಲ್ಲದಿದ್ದರೆ ನೀತಿ ಬಿದ್ದುಹೋಗುತ್ತದೆ ಅನ್ನುವವರು ಒಮ್ಮೆ ಶ್ರವಣಬೆಳಗೊಳದ ಬೆಟ್ಟ ಹತ್ತಿ ಬರಲಿ.

ಒಳ್ಳೆಯದಕ್ಕೆ ಸುಳ್ಳು ಹೇಳಬಹುದಾ?

ಇದು ನಮ್ಮಲ್ಲಿ ಮೂರು ಭಾನುವಾರ ತಿಂದ ಪ್ರಶ್ನೆ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಒಂದು ಸಣ್ಣ ಲೇಖನ ಬರೆದ. ನಿಮ್ಮ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ. ಅವನನ್ನು ಕೊಲ್ಲಲು ಬಂದವನು ಬಾಗಿಲು ತಟ್ಟಿ 'ಇದ್ದಾನಾ?' ಅಂತ ಕೇಳುತ್ತಾನೆ. ಆಗಲೂ ಸುಳ್ಳು ಹೇಳಬಾರದು ಅಂದ ಕಾಂಟ್. ನೀವು 'ಇಲ್ಲ' ಅಂತ ಸುಳ್ಳು ಹೇಳಿ, ಗೆಳೆಯ ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಹೊರಬಿದ್ದು ಬೀದಿಯಲ್ಲಿ ಕೊಲೆಗಾರನ ಕೈಗೆ ಸಿಕ್ಕರೆ ಆ ಸಾವಿನಲ್ಲಿ ನಿಮ್ಮ ಪಾಲೂ ಇದೆ ಅನ್ನುವುದು ಅವನ ವಾದ. ಓದಿದವರಿಗೆಲ್ಲ ಮೈ ಉರಿಯುತ್ತದೆ.

ಈಗ ಮಹಾಭಾರತದ ಕರ್ಣಪರ್ವಕ್ಕೆ ಬನ್ನಿ. ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವರನ್ನು ಕೊಲ್ಲುತ್ತೇನೆ ಅಂತ ಅರ್ಜುನ ಶಪಥ ಮಾಡಿಕೊಂಡಿರುತ್ತಾನೆ. ಆ ಮಾತು ಅಣ್ಣನ ಬಾಯಲ್ಲೇ ಬಂದುಬಿಡುತ್ತದೆ. ಶಪಥ ಉಳಿಸಲು ಕತ್ತಿ ಹಿಡಿದು ಹೊರಟವನನ್ನು ಕೃಷ್ಣ ತಡೆದು ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ಯಾವಾಗಲೂ ನಿಜವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದ ತಪಸ್ವಿ. ದರೋಡೆಕೋರರಿಗೆ ಹೆದರಿ ಕೆಲವರು ಕಾಡಿನೊಳಗೆ ಅವಿತರು. ಬೆನ್ನಟ್ಟಿ ಬಂದವರು ಕೇಳಿದರು, ಈ ಪುಣ್ಯಾತ್ಮ ಇದ್ದದ್ದು ಇದ್ದಹಾಗೆ ಹೇಳಿದ, ಅವರೆಲ್ಲ ಸತ್ತರು. ಕೌಶಿಕ ನರಕಕ್ಕೆ ಹೋದ. ಅದೇ ಇಕ್ಕಟ್ಟು, ತದ್ವಿರುದ್ಧ ತೀರ್ಪು. ಕಾಂಟ್ ಇದನ್ನು ಓದಿದ್ದರೆ ಏನನ್ನುತ್ತಿದ್ದ ಅಂತ ನನಗೆ ಯಾವಾಗಲೂ ಕುತೂಹಲ.

ಇಲ್ಲಿ ನಮ್ಮ ಗುಂಪಿನ ಒಬ್ಬ ಟೀಚರಮ್ಮ ಕೇಳಿದರು: 'ಹಾಗಾದ್ರೆ ಪುಣ್ಯಕೋಟಿ ಮಾಡಿದ್ದು ತಪ್ಪಾ? ಹುಲಿಗೆ ಕೊಟ್ಟ ಮಾತು ಮುರಿದು ಕರು ಜೊತೆ ಇದ್ದುಬಿಡಬಹುದಿತ್ತಲ್ಲ.' ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಸತ್ಯಕ್ಕಾಗಿ ಸಾಯಲು ಹೊರಟ ಹಸುವನ್ನು ಮೂರನೇ ಕ್ಲಾಸಿನಲ್ಲಿ ಅತ್ತುಕೊಂಡು ಹಾಡಿದವರು ನಾವು. ನನಗೆ ತೋಚಿದ ಉತ್ತರ ಇದು. ಪುಣ್ಯಕೋಟಿ ತನ್ನ ಸತ್ಯಕ್ಕೆ ತನ್ನ ಪ್ರಾಣವನ್ನು ಕೊಡಲು ಹೋಯಿತು. ಕೌಶಿಕ ತನ್ನ ಸತ್ಯಕ್ಕೆ ಬೇರೆಯವರ ಪ್ರಾಣ ಕೊಟ್ಟ. ಲೆಡ್ಜರ್ ಭಾಷೆಯಲ್ಲಿ ಹೇಳಿದರೆ ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡಬೇಕು. ಟೀಚರಮ್ಮ ಒಪ್ಪಲಿಲ್ಲ. 'ಕರುವಿನ ಖಾತೆ ಬಿಟ್ಟುಬಿಟ್ರಿ' ಅಂದರು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಕಾಂಟ್ ಅಷ್ಟು ಹಟಮಾರಿಯಾದರೆ ಅವನನ್ನು ಓದುವುದಾದರೂ ಯಾಕೆ?

ಒನ್ ವೇಯಲ್ಲಿ ಎದುರಿಗೆ ಬೈಕ್ ಓಡಿಸಿಕೊಂಡು ಬರುವವನನ್ನು ತಡೆದು ಕೇಳಿ. 'ಸಾರ್, ನಾನೊಬ್ಬ ಹೋದ್ರೆ ಏನಾಗುತ್ತೆ' ಅನ್ನುತ್ತಾನೆ. ಅವನು ಹೇಳುವುದು ನಿಜವೇ, ಏನೂ ಆಗುವುದಿಲ್ಲ. ಬೇರೆಯವರೆಲ್ಲ ನಿಯಮ ಪಾಲಿಸುತ್ತಿರುವುದರಿಂದಲೇ ಏನೂ ಆಗುವುದಿಲ್ಲ. ಎಲ್ಲರೂ ಹಾಗೇ ಮಾಡಿದರೆ ಅವನ ಶಾರ್ಟ್‌ಕಟ್ಟೇ ಇರುವುದಿಲ್ಲ. 1785ರ ಪುಸ್ತಕದಲ್ಲಿ ಕಾಂಟ್ ಕೊಟ್ಟ ಉದಾಹರಣೆ ಸಾಲದ್ದು, ಬ್ಯಾಂಕಿನವನಾದ ನನಗೆ ಥಟ್ಟನೆ ನಾಟಿತು. ತೀರಿಸಲು ಆಗುವುದಿಲ್ಲ ಅಂತ ಗೊತ್ತಿದ್ದೂ 'ಮುಂದಿನ ತಿಂಗಳು ಕೊಡ್ತೀನಿ' ಅಂತ ಕೈಸಾಲ ಕೇಳುವವನು. ಎಲ್ಲರೂ ಹಾಗೆ ಮಾಡಿದರೆ 'ಕೊಡ್ತೀನಿ' ಅನ್ನುವ ಮಾತಿಗೇ ಬೆಲೆ ಹೋಗುತ್ತದೆ, ಆಗ ಸುಳ್ಳು ಮಾತು ಕೊಡಲೂ ಆಗುವುದಿಲ್ಲ. ಎಲ್ಲರಿಗೂ ಒಂದು ನಿಯಮ, ನನಗೆ ಮಾತ್ರ ವಿನಾಯಿತಿ ಅನ್ನುವ ಆಸೆಯನ್ನು ಇಷ್ಟು ಸ್ಪಷ್ಟವಾಗಿ ಹಿಡಿದವನು ಇನ್ನೊಬ್ಬನಿಲ್ಲ. ಬಾಗಿಲು ತಟ್ಟಿದ ಕೊಲೆಗಾರನ ವಿಷಯದಲ್ಲಿ ಅವನು ತಪ್ಪು, ಒನ್ ವೇ ವಿಷಯದಲ್ಲಿ ಸರಿ. ಇದು ನನ್ನ ತೀರ್ಪು, ನಿಮ್ಮದು ಬೇರೆ ಇರಬಹುದು.

ಜಾಸ್ತಿ ಜನಕ್ಕೆ ಒಳ್ಳೆಯದಾದರೆ ಸಾಕಲ್ವಾ? ಅದೇ ಪ್ರಾಕ್ಟಿಕಲ್.

ಐಟಿ ಹುಡುಗರು ಕೇಳುವ ಪ್ರಶ್ನೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಇದನ್ನೇ ಸಿದ್ಧಾಂತ ಮಾಡಿದ, 1789ರಲ್ಲಿ ಪುಸ್ತಕ ಬಂತು. ಸುಖ ಎಷ್ಟು, ದುಃಖ ಎಷ್ಟು, ಕೂಡಿ ಕಳೆದು ನೋಡು. ರಾಜನ ನೋವೂ ಕೂಲಿಯ ನೋವೂ ಒಂದೇ ತೂಕ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದೇ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಪ್ರಾಣಿಗಳ ವಿಷಯ ಬರುತ್ತದೆ. ಅವು ಯೋಚಿಸುತ್ತವಾ, ಮಾತಾಡುತ್ತವಾ ಅಂತ ಕೇಳಬೇಡಿ, ಅವಕ್ಕೆ ನೋವಾಗುತ್ತದಾ ಅಂತ ಕೇಳಿ ಅಂದ. ಬೀದಿನಾಯಿ ಬಗ್ಗೆ ನಮ್ಮ ಲೇಔಟುಗಳಲ್ಲಿ ನಡೆಯುವ ಜಗಳದ ಅರ್ಧ ಭಾಗ ಆ ಅಡಿಟಿಪ್ಪಣಿಯಲ್ಲೇ ಇದೆ. ಉಳಿದರ್ಧ ಕಚ್ಚಿಸಿಕೊಂಡವರದು. ಅವರ ನೋವನ್ನೂ ಬೆಂಥಮ್ ಲೆಕ್ಕಕ್ಕೆ ಹಿಡಿಯಲೇಬೇಕು. (ಅವನ ಅಸ್ಥಿಪಂಜರಕ್ಕೆ ಬಟ್ಟೆ ತೊಡಿಸಿ, ಮೇಣದ ತಲೆ ಇಟ್ಟು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೂರಿಸಿದ್ದಾರೆ. ಅವನೇ ಉಯಿಲಿನಲ್ಲಿ ಕೇಳಿಕೊಂಡಿದ್ದು.)

ತೊಂದರೆ ಎಲ್ಲಿ ಅಂದರೆ, ಕೂಡುವ ಲೆಕ್ಕದಲ್ಲಿ ಒಬ್ಬನನ್ನು ಸುಲಭವಾಗಿ ಅಳಿಸಿಬಿಡಬಹುದು. ನೂರು ಮನೆಗೆ ಅನುಕೂಲ ಅಂತ ಐದು ಮನೆಯ ನೀರು ನಿಲ್ಲಿಸಿದರೆ ಮೊತ್ತ ಚೆನ್ನಾಗೇ ಕಾಣುತ್ತದೆ.

ಹಾಗಾದರೆ ನೀರು ಹೇಗೆ ಹಂಚಬೇಕು?

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದಾಗ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್ ರಾತ್ರಿ ಹನ್ನೊಂದರವರೆಗೆ ನಡೆಯಿತು. ನೆಲಮಹಡಿಯವರ ನ್ಯಾಯ ಒಂದು, ಮೇಲಿನ ಮಹಡಿಯವರದು ಇನ್ನೊಂದು. ಬಾಡಿಗೆಯವರನ್ನು ಕೇಳಿದವರೇ ಇಲ್ಲ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಹೇಳಿದ ಉಪಾಯ ಇಂಥ ಮೀಟಿಂಗಿಗೆ ಹೇಳಿ ಮಾಡಿಸಿದ ಹಾಗಿದೆ. ನಿಯಮ ಮಾಡುವಾಗ ಕಣ್ಣಿಗೆ ಮುಸುಕು ಹಾಕಿದ ಹಾಗೆ, ನೀವು ಯಾರು ಅನ್ನುವುದೇ ನಿಮಗೆ ಗೊತ್ತಿಲ್ಲ ಅಂದುಕೊಳ್ಳಿ. ಓನರ್ರೋ, ಬಾಡಿಗೆಯವರೋ, ವಾಚ್‌ಮನ್ ಕುಟುಂಬವೋ, ಡಯಾಲಿಸಿಸ್ ಮಾಡಿಸಿಕೊಳ್ಳುವ ವಯಸ್ಸಾದವರೋ ಗೊತ್ತಿಲ್ಲ. ಮುಸುಕು ತೆಗೆದಾಗ ಯಾರ ಮನೆಯಲ್ಲಿ ಬೇಕಾದರೂ ಕಣ್ಣು ಬಿಡಬಹುದು. ಆಗ ಎಂಥ ನಿಯಮ ಮಾಡುತ್ತೀರಿ? ನಾನು ಇದನ್ನು ಮೀಟಿಂಗಿನಲ್ಲಿ ಹೇಳಿಯೂ ನೋಡಿದೆ. 'ಅಂಕಲ್, ಪಾಯಿಂಟಿಗೆ ಬನ್ನಿ' ಅಂದರು.

ವಚನಕಾರರನ್ನು ಭಕ್ತರು ಅನ್ನಬೇಕೋ, ನೀತಿಚಿಂತಕರು ಅನ್ನಬೇಕೋ?

ಭಕ್ತರೇ. ಆದರೆ ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಕದಿಯಬೇಡ, ಕೊಲ್ಲಬೇಡ ಅಂತ ಶುರು ಮಾಡಿದ ಪಟ್ಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ: ನಿನ್ನನ್ನು ನೀನೇ ಹೊಗಳಿಕೊಳ್ಳಬೇಡ, ಎದುರಿನವರನ್ನು ಹಳಿಯಬೇಡ. ಕೊಲೆಯ ಪಕ್ಕದಲ್ಲೇ ಜಂಬವನ್ನೂ ಕೂರಿಸಿದ್ದಾನೆ. ಒಳಗಿನ ಶುದ್ಧಿ, ಹೊರಗಿನ ಶುದ್ಧಿ ಎರಡೂ ಅದೇ ಅಂದ.

ನನಗೆ ಹೆಚ್ಚು ಹಿಡಿಸುವುದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ಮಾಮೂಲಿಗಿಂತ ಜಾಸ್ತಿ ತಂದ. ಕದ್ದದ್ದಲ್ಲ, ಯಾರಿಗೂ ಮೋಸ ಆಗಿಲ್ಲ. ಆದರೂ ಲಕ್ಕಮ್ಮ ಈ ಆಸೆ ನಮಗೆ ಯಾಕೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. ತಪ್ಪು ಅಂದರೆ ಬೇರೆಯವರಿಗೆ ಮಾಡುವ ಕೆಡುಕು ಅಂತ ಮಾತ್ರ ತಿಳಿದವರಿಗೆ ಇದು ಅರ್ಥವಾಗುವುದಿಲ್ಲ. 'ಸಾಕು' ಅನ್ನುವುದೂ ಒಂದು ನೀತಿ ಅಂತ ಅವಳು ಕಂಡುಕೊಂಡಿದ್ದಳು. ಎರಡನೇ ಸೈಟಿಗೆ ಅಡ್ವಾನ್ಸ್ ಕೊಟ್ಟು ಬಂದ ದಿನ ಇದನ್ನು ಓದಬೇಡಿ.

ಮಾಡಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡೆ ಅಷ್ಟೇ. ಅದೂ ತಪ್ಪಾ?

ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆ ಪೂರ್ತಿ ನಿಂತಿರುವುದು ಇದರ ಮೇಲೆ. ತಾಯಿ ಪ್ರಾಣಿಬಲಿ ಕೊಡು ಅನ್ನುತ್ತಾಳೆ, ಜೈನ ರಾಜ ಒಪ್ಪುವುದಿಲ್ಲ. ಕೊನೆಗೆ ರಾಜಿ: ಹಿಟ್ಟಿನ ಕೋಳಿ ಮಾಡಿ ಕಡಿಯೋಣ. ಕಡಿದರೆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಅದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಹಿಟ್ಟಿಗೆ ಜೀವ ಇರಲಿಲ್ಲ, ಕಡಿಯುವ ಮನಸ್ಸಿಗಿತ್ತು. ಇದನ್ನು ಸಂಕಲ್ಪ ಹಿಂಸೆ ಅನ್ನುತ್ತಾರೆ. ಆಯುಧಪೂಜೆ ದಿನ ಕುಂಕುಮ ತುಂಬಿದ ಬೂದುಗುಂಬಳ ರಸ್ತೆಗೆ ಒಡೆಯುವಾಗ ನನಗೆ ಪ್ರತಿ ವರ್ಷ ಜನ್ನ ನೆನಪಾಗುತ್ತಾನೆ. ಮೊಬೈಲಿನಲ್ಲಿ ಮನುಷ್ಯರನ್ನು ಸಾಲಾಗಿ ಸುಡುವ ಮೊಮ್ಮಗನನ್ನು ನೋಡಿದಾಗಲೂ.

ಈ ಚರಿತ್ರೆಯಲ್ಲಿ ಹೆಂಗಸರೇ ಇಲ್ವಾ?

ಇದ್ದಾರೆ, ಪಟ್ಟಿ ಮಾಡಿದವರು ಬಿಟ್ಟರು. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ನಾಲ್ವರು, ಎಲಿಜಬೆತ್ ಆನ್‌ಸ್ಕಂಬ್, ಫಿಲಿಪಾ ಫುಟ್, ಮೇರಿ ಮಿಜ್ಲಿ, ಐರಿಸ್ ಮರ್ಡಾಕ್, ಆಮೇಲೆ ಇಡೀ ಚರ್ಚೆಯ ದಿಕ್ಕು ತಿರುಗಿಸಿದರು. ಹಿರೋಶಿಮಾ ನಾಗಸಾಕಿ ಮೇಲೆ ಬಾಂಬ್ ಹಾಕಿಸಿದ ಟ್ರೂಮನ್‌ಗೆ 1956ರಲ್ಲಿ ಆಕ್ಸ್‌ಫರ್ಡ್ ಗೌರವ ಪದವಿ ಕೊಡಲು ಹೊರಟಾಗ ಎದ್ದು ವಿರೋಧಿಸಿದವರು ಆನ್‌ಸ್ಕಂಬ್. ಪದವಿಯನ್ನೇನೋ ಕೊಟ್ಟೇ ಕೊಟ್ಟರು.

ಫೇಸ್‌ಬುಕ್ಕಿನಲ್ಲಿ ಓಡಾಡುವ ಟ್ರಾಲಿ ಲೆಕ್ಕ, ಬ್ರೇಕ್ ಇಲ್ಲದ ಬಂಡಿ, ಒಂದು ಹಳಿಯಲ್ಲಿ ಐವರು, ಇನ್ನೊಂದರಲ್ಲಿ ಒಬ್ಬ, ಅದು 1967ರಲ್ಲಿ ಫುಟ್ ಬರೆದ ಲೇಖನದಿಂದ ಬಂದದ್ದು. ಅವರು ಬರೆಯುತ್ತಿದ್ದದ್ದು ಗರ್ಭಪಾತದ ಬಗ್ಗೆ. ಬಂಡಿ ತಿರುಗಿಸಿದರೆ ಸರಿ ಅನಿಸುತ್ತದೆ, ಆದರೆ ದಂಗೆ ತಡೆಯಲು ಜಡ್ಜ್ ಒಬ್ಬ ನಿರಪರಾಧಿಯನ್ನು ಗಲ್ಲಿಗೆ ಹಾಕಿದರೆ ತಪ್ಪು ಅನಿಸುತ್ತದೆ. ಎರಡರಲ್ಲೂ ಲೆಕ್ಕ ಒಂದೇ ಇರುವಾಗ ಹೀಗೇಕೆ ಅನ್ನುವುದು ಅವರ ಪ್ರಶ್ನೆ. ಜನ ಜಡ್ಜನ್ನು ಬಿಟ್ಟು ಬಂಡಿಯನ್ನು ಮಾತ್ರ ಇಟ್ಟುಕೊಂಡರು.

ಮರ್ಡಾಕ್ ಕೊಟ್ಟ ಉದಾಹರಣೆ ನಮ್ಮ ಮನೆಗಳಿಗೇ ಬರೆದ ಹಾಗಿದೆ. ಒಬ್ಬ ಅತ್ತೆ. ಸೊಸೆ ಒರಟು, ಸಂಸ್ಕಾರ ಕಮ್ಮಿ ಅಂತ ಅವಳ ಒಳಗೆ ಅಸಮಾಧಾನ. ಆದರೆ ಹೊರಗೆ ಒಂದು ಚೂರೂ ತೋರಿಸುವುದಿಲ್ಲ, ನಡತೆ ಚೊಕ್ಕಟ. ಕಾಲ ಕಳೆಯುತ್ತದೆ. ಒಂದು ದಿನ ಅತ್ತೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: ನಾನು ಹಳೇ ಕಾಲದವಳು, ಹೊಟ್ಟೆಕಿಚ್ಚೂ ಇರಬಹುದು, ಇನ್ನೊಮ್ಮೆ ಸರಿಯಾಗಿ ನೋಡೋಣ. ನೋಡುತ್ತಾ ನೋಡುತ್ತಾ ಒರಟುತನ ಅಂದುಕೊಂಡದ್ದು ಸಲಿಗೆಯಾಗಿ ಕಾಣುತ್ತದೆ, ಗದ್ದಲ ಅಂದುಕೊಂಡದ್ದು ಲವಲವಿಕೆಯಾಗಿ. ಹೊರಗೆ ಏನೂ ಬದಲಾಗಿಲ್ಲ, ಯಾರಿಗೂ ಗೊತ್ತೂ ಆಗಿಲ್ಲ. ಆದರೂ ಅವಳು ಏನೋ ದೊಡ್ಡ ಕೆಲಸ ಮಾಡಿದಳು ಅನ್ನುತ್ತಾರೆ ಮರ್ಡಾಕ್. ಕಾಂಟ್, ಬೆಂಥಮ್ ಇಬ್ಬರ ಲೆಡ್ಜರಿನಲ್ಲೂ ಈ ಎಂಟ್ರಿಗೆ ಕಾಲಂ ಇಲ್ಲ. ಇದನ್ನು ಹೇಳಿದ ಭಾನುವಾರ ನಮ್ಮ ಗುಂಪಿನ ಒಬ್ಬ ಹೆಂಗಸು ಮಾತೇ ಆಡದೆ ಮನೆಗೆ ಹೋದರು.

ಅರಿಸ್ಟಾಟಲ್?

ಒಂದೇ ಮಾತು: ಹದ. ಪುಸ್ತಕಗಳು 'ಸುವರ್ಣ ಮಧ್ಯಮ' ಅನ್ನುತ್ತವೆ, ಬೇಡ. ಹೇಡಿತನ, ಹುಂಬತನ ಎರಡರ ನಡುವಿನ ಹದ ಧೈರ್ಯ. ಆದರೆ ಅರ್ಧಕ್ಕೆ ಭಾಗಿಸಿದರೆ ಹದ ಬರುವುದಿಲ್ಲ. ಪೈಲ್ವಾನ್ ಮೈಲೋಗೆ ಸಾಕಾಗದ ಊಟ ಹೊಸದಾಗಿ ಗರಡಿಗೆ ಬಂದವನಿಗೆ ಜಾಸ್ತಿ ಅಂತ ಅವನೇ ಹೇಳಿದ್ದಾನೆ. ಮಾಡಿ ಮಾಡಿ ಕೈಗೆ ಬರಬೇಕು, ಮುದ್ದೆ ತಿರುವಿದ ಹಾಗೆ.

ಇಷ್ಟೆಲ್ಲ ಬರೆದವರು ಸ್ವತಃ ಒಳ್ಳೆಯವರಾಗಿದ್ದರಾ?

ಕಷ್ಟ. ಕೆಲವರು ಹುಟ್ಟಾ ಗುಲಾಮರು ಅಂತ ಅರಿಸ್ಟಾಟಲ್ ವಾದ ಮಾಡಿದ. ಕಾಂಟ್ ಬಿಳಿಯರಲ್ಲದವರ ಬಗ್ಗೆ ಬರೆದ ಕೆಲವು ಸಾಲು ಓದಿದರೆ ಪುಸ್ತಕ ಮುಚ್ಚಬೇಕು ಅನಿಸುತ್ತದೆ. ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಅಷ್ಟು ಚೆನ್ನಾಗಿ ಬರೆದ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಸಂಬಳದಲ್ಲಿದ್ದ. ಅದೇ ಪುಸ್ತಕದಲ್ಲಿ 'ಅನಾಗರಿಕ'ರಿಗೆ ಸರ್ವಾಧಿಕಾರವೇ ಸರಿ ಅಂತಲೂ ಬರೆದ. ನಾವು ಆ ಪಟ್ಟಿಯಲ್ಲಿದ್ದೆವು. ಇನ್ನು ನಮ್ಮ ಅಶೋಕ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಎಲ್ಲೆಲ್ಲೋ ಕೆತ್ತಿಸಿದ, ಕಳಿಂಗದಲ್ಲೇ ಕೆತ್ತಿಸಲಿಲ್ಲ. ಕಳಿಂಗದ ಧೌಲಿ, ಜೌಗಡದಲ್ಲಿ ಆ ಶಾಸನದ ಬದಲು ಬೇರೆ ಶಾಸನಗಳಿವೆ. ನೊಂದವರ ಎದುರಿಗೆ ಮಾತ್ರ ಕ್ಷಮೆ ಬಾಯಿಗೆ ಬರುವುದಿಲ್ಲ.

ಹಾಗಂತ ಎಲ್ಲರನ್ನೂ ಕಸದ ಬುಟ್ಟಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಅವರ ತಪ್ಪು ನಮಗೆ ಕಾಣುವುದಕ್ಕೆ ಎಷ್ಟೋ ಸಲ ಅವರೇ ಕೊಟ್ಟ ಕನ್ನಡಕ ಬೇಕಾಗುತ್ತದೆ.

'ನಮ್ಮನೇಲಿ ಹಿಂದಿನಿಂದ ಹೀಗೇ ನಡ್ಕೊಂಡು ಬಂದಿದೆ' ಅಂದರೆ ಸಾಲದಾ?

ಸಾಲದು. 'ಇದೆ' ಅನ್ನುತ್ತಾ ಅನ್ನುತ್ತಾ 'ಇರಬೇಕು'ಗೆ ಸದ್ದಿಲ್ಲದೆ ಜಾರುವುದನ್ನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಹಿಡಿದುಕೊಟ್ಟ. ಕೆಲಸದವರಿಗೆ ಬೇರೆ ಲೋಟ ಇದೆ, ಬೇರೆ ಲಿಫ್ಟ್ ಇದೆ, ಆದ್ದರಿಂದ ಇರಬೇಕು. ಆ 'ಆದ್ದರಿಂದ' ಎಲ್ಲಿಂದ ಬಂತು?

ಇದನ್ನು ಇನ್ನೂ ಆಳಕ್ಕೆ ಒಯ್ದವರು ಅಂಬೇಡ್ಕರ್. 1936ರಲ್ಲಿ ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ ಸಂಘಟಕರು ಹಿಂಜರಿದು ರದ್ದಾಯಿತು, ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿದರು. ಅದರಲ್ಲಿ ನಿಯಮ ಬೇರೆ, ತತ್ವ ಬೇರೆ ಅನ್ನುತ್ತಾರೆ. ನಿಯಮ ಅಡುಗೆ ರೆಸಿಪಿ ಇದ್ದ ಹಾಗೆ, ಇದನ್ನು ಹೀಗೆ ಮಾಡು ಅಂತ ಹೇಳುತ್ತದೆ. ತತ್ವ ನೀನೇ ತೂಗಿ ನೋಡು ಅನ್ನುತ್ತದೆ. ಬರೀ ನಿಯಮ ಪಾಲಿಸುವವನು ಮಾಡಿದ್ದಕ್ಕೆ ಹೊಣೆ ಹೊರುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ 'ಸರ್ವೀಸ್ ಲಿಫ್ಟ್' ಬೋರ್ಡು ತೆಗೆಸಲು ಎರಡು ವರ್ಷ ಹಿಡಿಯಿತು. ಹಾಕಿದ್ದು ಯಾರು ಅಂತ ಕೇಳಿದರೆ ಎಲ್ಲರ ಉತ್ತರ ಒಂದೇ, 'ಮೊದಲಿಂದ ಇತ್ತು.'

ಇದನ್ನೆಲ್ಲ ಓದಿದರೆ ನಾನು ಒಳ್ಳೆಯವನಾಗುತ್ತೀನಾ?

ಸುಳ್ಳಿನ ಮೇಲೆ ಮೂರನೇ ಭಾನುವಾರದ ಚರ್ಚೆ ಜೋರಾಗಿತ್ತು. ಕಾಂಟ್‌ನನ್ನು ಅರ್ಧ ಒಪ್ಪಿ, ಕೌಶಿಕನನ್ನು ನರಕಕ್ಕೆ ಕಳಿಸಿ, ಕರುವಿನ ವಿಷಯಕ್ಕೆ ಬಂದಿದ್ದೆವು. ಫೋನ್ ಬಂತು, ಮನೆಯವಳದು. ಹತ್ತು ಗಂಟೆಗೆ ಅವಳ ಅಣ್ಣನ ಮನೆಗೆ ಹೋಗಬೇಕಿತ್ತು, ನನಗೆ ಮರೆತೇಹೋಗಿತ್ತು. 'ಎಲ್ಲಿದ್ದೀರಾ?' ಅಂದಳು. ಮರದ ಕೆಳಗೆ ಕಾಲು ಚಾಚಿ ಕೂತಿದ್ದವನು, ಒಂದು ಕ್ಷಣವೂ ತಡವರಿಸದೆ, 'ಹೊರಟಾಯ್ತು ಕಣೇ, ಸೌತ್ ಎಂಡ್ ಸರ್ಕಲ್ ಹತ್ರ ಇದ್ದೀನಿ, ಸಿಗ್ನಲ್' ಅಂದೆ. ಫೋನ್ ಇಟ್ಟು ತಲೆ ಎತ್ತಿದರೆ ಏಳು ಜನ ನನ್ನನ್ನೇ ನೋಡುತ್ತಿದ್ದರು. ಟೀಚರಮ್ಮ ಮಾತ್ರ ನಗುತ್ತಿರಲಿಲ್ಲ. 'ಖರ್ಚು ಯಾರ ಖಾತೆಗೆ, ಸಾರ್?' ಅಂತ ಕೇಳಿದರು.